ಒಬ್ಬೊಬ್ರನ್ನೇ ಒಳಗೆ ಕರೆದು ಕೇಳೋ ಪ್ರಶ್ನೆಗಳು

ನಮ್ ಕಾರವಾರದ ಕ್ರಿಶ್ಚಿಯನ್ ಹುಡುಗ ಹುಡುಗೀರ ಲವ್ ಸ್ಟೋರಿ ಎಲ್ಲ ಹೆಚ್ಚುಕಮ್ಮಿ ಒಂದೇ ಥರ ಇರ್ತದೆ. ಚರ್ಚಲ್ಲಿ ಹಾಡೋ ಕ್ವಾಯರ್ ಪ್ರಾಕ್ಟೀಸು, ಡಿಸೆಂಬರಲ್ಲಿ ಕ್ರಿಸ್ಮಸ್ ಗೋದಲಿ ಕಟ್ಟೋ ಗಲಾಟೆ, ಆಮೇಲೆ ಯಾರೋ ಒಬ್ರು ಆಂಟಿ ಬೀಚಲ್ಲಿ ನೋಡಿ ಮನೆಗೆ ಸುದ್ದಿ ಮುಟ್ಟಿಸೋದು. ನಮ್ದೂ ಅಷ್ಟೇ, ಅದನ್ನೇ ಉದ್ದಕ್ಕೆ ಬರೆದು ಬೋರ್ ಹೊಡೆಸಲ್ಲ. ಅವನು ಶಿಪ್ಪಲ್ಲಿ ಇಂಜಿನ್ ರೂಮ್ ಕೆಲಸ, ಅವರ ಮನೆ ಕಾಳಿ ನದಿ ಆಚೆ ಸದಾಶಿವಗಡದ ಕಡೆ, ನಮ್ದು ಈಚೆ ಕೋಡಿಬಾಗ. ಎರಡೂ ಮನೇಲಿ ಒಪ್ಪಿಗೆ ಆಗಿದೆ. ನಾನು ಬರೀಬೇಕು ಅಂದ್ಕೊಂಡಿದ್ದು ಒಪ್ಪಿಗೆ ಆದ ಮೇಲಿನ ಕಥೆ, ಅದನ್ನ ಯಾರೂ ಹೇಳೋದೇ ಇಲ್ಲ ನೋಡಿ.

ಮದುವೆಗೆ ಮುಂಚೆ ಕಾಗದಪತ್ರ ಮಾಡೋಕೆ ಹೋದಾಗ ಫಾದರ್ ಇಬ್ಬರನ್ನೂ ಒಟ್ಟಿಗೆ ಕೂರಿಸಲ್ಲ. ಒಬ್ಬೊಬ್ರನ್ನೇ ಒಳಗೆ ಕರೀತಾರೆ. ನಾನು ಒಳಗಿದ್ದಾಗ ಅವನು ಹೊರಗೆ ಬೆಂಚ್ ಮೇಲೆ, ಮಮ್ಮಿ ಅವನ ಪಕ್ಕ ರೋಸರಿ ಹಿಡ್ಕೊಂಡು. ಒಳಗೆ ಕೇಳೋದು ಎಂತ ಅಂದ್ರೆ, ನಿಂಗೆ ಯಾರಾದ್ರೂ ಒತ್ತಾಯ ಮಾಡಿದಾರಾ, ಹೆದರಿಸಿದಾರಾ, ಯಾವುದಾದ್ರೂ ಕಂಡೀಶನ್ ಇಟ್ಕೊಂಡು ಮದುವೆ ಆಗ್ತಿದೀಯಾ, ಮಕ್ಕಳು ಬೇಕು ಅನ್ನೋ ಮನಸಿದ್ಯಾ, ಸಾಯೋ ತನಕ ಇದು ಬಿಡಿಸಕ್ಕಾಗದ ಸಂಬಂಧ ಅಂತ ಗೊತ್ತಿದ್ದೇ ಬರ್ತಿದೀಯಾ. ಅವನ ಬಗ್ಗೆ, ಅವನ ಸಂಬಳದ ಬಗ್ಗೆ ಒಂದು ಮಾತಿಲ್ಲ, ಎಷ್ಟು ಲವ್ ಇದೆ ಅಂತಾನೂ ಕೇಳಲಿಲ್ಲ. ನಂಗೆ ಅದೇ ಆಶ್ಚರ್ಯ, ಏನೇನೋ ಉತ್ತರ ರೆಡಿ ಮಾಡ್ಕೊಂಡು ಹೋಗಿದ್ದೆ ಮಾರಾಯ್ರೆ.

ಆಮೇಲೆ ಗೊತ್ತಾಯ್ತು ಎಂತಕ್ಕೆ ಹಿಂಗೆ ಅಂತ. ನಾವು ಕ್ಯಾಥೊಲಿಕ್ಕರಲ್ಲಿ ಮದುವೆ ಮಾಡಿಸೋದು ಫಾದರ್ ಅಂತ ಎಲ್ಲರೂ ಅಂದ್ಕೊಂಡಿರ್ತೀವಲ್ಲ, ಹಂಗಲ್ಲ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಕೊಡೋ ಒಪ್ಪಿಗೆಯಿಂದಾನೇ ಮದುವೆ ಆಗೋದು, ಆ ಒಪ್ಪಿಗೇನ ಅವರ ಬದಲು ಇನ್ಯಾರೂ ಕೊಡಕ್ಕಾಗಲ್ಲ ಅಂತ ಚರ್ಚಿನ ಕಾನೂನು, ಕ್ಯಾನನ್ ಲಾದಲ್ಲೇ ಬರೆದಿದೆ. ಫಾದರ್ ಆ ಒಪ್ಪಿಗೇನ ಚರ್ಚಿನ ಪರವಾಗಿ ಕೇಳಿ ತಗೊಳ್ಳೋರು, ಜೊತೆಗೆ ಇಬ್ಬರು ಸಾಕ್ಷಿ. ಹೆದರಿಸಿ ಹೂಂ ಅನಿಸಿದ್ರೆ ಅದು ಮದುವೇನೇ ಅಲ್ಲ, ಎಷ್ಟೇ ದೊಡ್ಡ ಮಂಟಪ ಹಾಕಿ ಎಷ್ಟೇ ಜನಕ್ಕೆ ಬಿರಿಯಾನಿ ಹಾಕಿದ್ರೂ.

ಬೀಚಲ್ಲಿ ಕೂತಾಗ ನಾವೂ ಸುಮಾರು ಸಲ ಪ್ರಾಮಿಸ್ ಮಾಡ್ಕೊಂಡಿದ್ವಿ, ಜೀವನಪೂರ್ತಿ ಅಂತೆಲ್ಲ. ಅದು ಸುಳ್ಳು ಅಂತಲ್ಲ. ಆದ್ರೆ ಅಲ್ಲಿ ಕೇಳೋರು ಯಾರೂ ಇರಲಿಲ್ಲ, ನಾಳೆ ಮರೆತ್ರೂ ನಡೀತಿತ್ತು. ಈಗ ಹಂಗಲ್ಲ, ಎರಡೂ ಚರ್ಚಲ್ಲಿ ಭಾನುವಾರದ ಪೂಜೆಲಿ ನಮ್ಮಿಬ್ಬರ ಹೆಸರು, ಅಪ್ಪ ಅಮ್ಮನ ಹೆಸರು ಎಲ್ಲ ಓದ್ತಾರೆ, ಈ ಮದುವೆಗೆ ಯಾವುದಾದ್ರೂ ತಡೆ ಇದೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಬಂದು ಹೇಳಿ ಅಂತ ಊರಿಗೇ ಕೇಳ್ತಾರೆ. ಮೊದಲು ನಂಗೆ ಇದು ಇಷ್ಟ ಇರಲಿಲ್ಲ, ನಮ್ ಪರ್ಸನಲ್ ವಿಷಯ ಊರಿಗೆಲ್ಲ ಎಂತಕ್ಕೆ ಅಂತ. ಈಗ ಸರಿ ಅನಿಸ್ತದೆ. ಶಿಪ್ಪಲ್ಲಿರೋ ಹುಡುಗರ ವಿಷಯದಲ್ಲಿ ಇನ್ನೂ ಸರಿ!

ಬ್ಯಾಪ್ಟಿಸಂ ಸರ್ಟಿಫಿಕೇಟ್ ಕೂಡ ಮನೇಲಿರೋ ಹಳೇದು ನಡೆಯಲ್ಲ, ಹೊಸದಾಗಿ ತೆಗೆಸಿಕೊಂಡು ಬರಬೇಕು. ಯಾಕಂದ್ರೆ ನಾವು ಬ್ಯಾಪ್ಟಿಸಂ ತಗೊಂಡ ಚರ್ಚಿನ ರಿಜಿಸ್ಟರಲ್ಲಿ ನಮ್ ಹೆಸರಿನ ಪಕ್ಕಾನೇ ಮದುವೆ ಆಗಿದ್ದೂ ಬರೀತಾರೆ, ಆಗಿರ್ಲಿಲ್ಲ ಅಂದ್ರೆ ಆ ಜಾಗ ಖಾಲಿ ಇರ್ತದೆ, ಹೊಸ ಸರ್ಟಿಫಿಕೇಟ್ ನೋಡಿದ್ರೆ ಗೊತ್ತಾಗ್ತದೆ. ನಾನು ಕೂಸಾಗಿದ್ದಾಗ ಬರೆದ ಸಾಲಿನ ಪಕ್ಕ ಇವನ ಹೆಸರು ಬರ್ತದೆ ಅಂತ ಗೊತ್ತಾದಾಗ ನಿಜ ಹೇಳ್ತೀನಿ ಹೊಟ್ಟೇಲಿ ಒಂಥರ ಆಯ್ತು. ಇನ್‌ಸ್ಟಾದಲ್ಲಿ ಫೋಟೋ ಹಾಕಿದಾಗ ಹಂಗೆ ಆಗಿರಲಿಲ್ಲ. ಈ ಪೇಪರ್ ಎಲ್ಲ ತರೋಕೆ ನದಿ ಆಚೆ ಈಚೆ ಓಡಾಡಿದ್ದೂ ಓಡಾಡಿದ್ದೇ, 2024ರ ಆಗಸ್ಟಲ್ಲಿ ಹಳೇ ಸೇತುವೆ ಬಿದ್ದು ಹೋದ ಮೇಲೆ ಆ ದಾರಿಲಿ ಹೋಗುವಾಗ ಮಮ್ಮಿ ಇಡೀ ಸೇತುವೆ ಮುಗಿಯೋ ತನಕ ಪ್ರಾರ್ಥನೆ ಹೇಳ್ತಾಳೆ, ಹೊಸ ಸೇತುವೆ ಮೇಲೆ ಕೂಡ.

ಅಜ್ಜಿಗೆ ಶಾಕ್ ಆಗಿದ್ದು ಇನ್ನೊಂದು ವಿಷಯಕ್ಕೆ. ಎಂಗೇಜ್‌ಮೆಂಟ್ ಆಗಿದೆ ಅನ್ನೋ ಕಾರಣಕ್ಕೆ ಯಾರೂ ಯಾರನ್ನೂ ಮದುವೆ ಆಗು ಅಂತ ಹಿಡಿಯಕ್ಕಾಗಲ್ಲ, ಇದೂ ಚರ್ಚಿನ ಕಾನೂನೇ. ಖರ್ಚು ಗಿರ್ಚು ನಷ್ಟ ಆಗಿದ್ರೆ ಕೇಳಬಹುದು ಅಷ್ಟೇ. ಉಂಗುರ ಹಾಕಿದ ಮೇಲೆ ಬೇಡ ಅಂದ್ರೆ ಮರ್ಯಾದೆ ಏನಾಗಬೇಕು ಅಂತ ಅಜ್ಜಿ. ಮದುವೆ ಆದ ಮೇಲೆ ಬೇಡ ಅನ್ನೋದಕ್ಕಿಂತ ಪರವಾಗಿಲ್ಲ ಅಲ್ವಾ ಅಜ್ಜಿ ಅಂದೆ, ಎರಡು ದಿನ ಮಾತಿಲ್ಲ.

ಇನ್ನು ಚರ್ಚಿನವರು ನಡೆಸೋ ಮದುವೆ ಪೂರ್ವ ಕೋರ್ಸು. ಅರ್ಧ ಜನ ಸರ್ಟಿಫಿಕೇಟಿಗೋಸ್ಕರಾನೇ ಬರೋದು, ಹಿಂದೆ ಕೂತು ಮೊಬೈಲ್ ನೋಡ್ತಾರೆ. ಡಾಕ್ಟರ್ ಒಬ್ರು ಮಾತಾಡಿದ್ರು, ಅತ್ತೆ ಮಾವನ ಜೊತೆ ಹೊಂದ್ಕೊಳ್ಳೋ ಬಗ್ಗೆ ಒಂದು ಕ್ಲಾಸು, ಅದು ಸುಮಾರು. ಚೆನ್ನಾಗಿದ್ದದ್ದು ಮೀನು ವ್ಯಾಪಾರದ ಒಂದು ಜೋಡಿ ಬಂದು ಮಾತಾಡಿದ್ದು. ಜೂನ್ ಜುಲೈ ಬೋಟು ಇಳಿಸೋ ಹಾಗಿಲ್ಲ, 61 ದಿನ ಬಂದ್, ಆ ಟೈಮಲ್ಲಿ ಗಂಡ ಮನೇಲಿ ದುಡ್ಡಿಲ್ಲದೆ ಸಿಟ್ಟು ಮಾಡ್ಕೊಂಡು ಕೂತಿರ್ತಾನೆ, ನಮ್ ಮನೇಲಿ ಜಗಳ ಎಲ್ಲ ಮಳೆಗಾಲದ್ದೇ ಅಂತ ಆ ಹೆಂಡತಿ ಹೇಳಿದ್ರೆ ಗಂಡ ಪಕ್ಕದಲ್ಲೇ ನಗ್ತಾ ಇದ್ರು. ಅದಕ್ಕೆ ಅವರು ಮೇ ತಿಂಗಳಲ್ಲೇ ಕೂತು ಲೆಕ್ಕ ಹಾಕ್ತಾರಂತೆ, ಅಕ್ಕಿಗೆಷ್ಟು, ಸ್ಕೂಲ್ ಫೀಸಿಗೆಷ್ಟು, ಯಾರ ಹತ್ರ ಸಾಲ ಕೇಳಬಾರದು. ಕಷ್ಟದಲ್ಲೂ ಸುಖದಲ್ಲೂ ಅಂತ ಪೂಜೆಲಿ ಹೇಳೋ ಮಾತಿಗೆ ಒಂದು ಲೆಕ್ಕದ ಪುಸ್ತಕ ಬೇಕು ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

ಆದ್ರೆ ಒಂದು ವಿಷಯಕ್ಕೆ ನಂಗೆ ಸಿಟ್ಟಿದೆ. ಸಾಯೋ ತನಕ ಅನ್ನೋ ಮಾತನ್ನ ನಮ್ ಜನ ಹುಡುಗೀರಿಗೆ ಮಾತ್ರ ಹೇಳ್ತಾರೆ. ನಮ್ ಸಂಬಂಧದಲ್ಲೇ ಒಬ್ಬಳು ಅಕ್ಕ ಇದ್ಲು, ಗಂಡ ಕುಡಿದು ಬಂದು ಹೊಡೀತಿದ್ದ, ಎಲ್ಲರೂ ಅವಳಿಗೆ ಹೇಳಿದ್ದು ಅಡ್ಜಸ್ಟ್ ಮಾಡ್ಕೋ, ದೇವರು ಕೂಡಿಸಿದ್ದನ್ನ ಮನುಷ್ಯ ಬೇರೆ ಮಾಡಬಾರದು ಅಂತ. ಅದೇ ಚರ್ಚಿನ ಕಾನೂನಲ್ಲಿ, ಜೊತೇಲಿರೋನಿಂದ ಹೆಂಡತಿಗೋ ಮಕ್ಕಳಿಗೋ ಗಂಡಾಂತರ ಇದ್ರೆ ಬೇರೆ ಹೋಗಿ ಇರಬಹುದು, ತಡ ಮಾಡಿದ್ರೆ ಅಪಾಯ ಅಂದ್ರೆ ತಾನಾಗೇ ಹೋಗಬಹುದು ಅಂತ ಇದೆ. ಇದನ್ನ ಯಾರೂ ಆ ಅಕ್ಕನಿಗೆ ಹೇಳಿರಲಿಲ್ಲ. ಕೋರ್ಟಿನ ಡೈವೋರ್ಸೇ ಬೇರೆ, ಚರ್ಚಿನ ಟ್ರಿಬ್ಯೂನಲ್, ಅಂದ್ರೆ ಚರ್ಚಿನದೇ ಕೋರ್ಟು, ಈ ಮದುವೆ ಆಗಿರಲೇ ಇಲ್ಲ ಅಂತ ಹೇಳೋದೇ ಬೇರೆ. ಚರ್ಚ್ ಹಂಗೆ ಹೇಳಿದ್ರೂ ಸರ್ಕಾರದ ಲೆಕ್ಕದಲ್ಲಿ ಕೋರ್ಟ್ ತೀರ್ಪು ಬೇಕೇ ಬೇಕು, ಅದನ್ನ 2017ರಲ್ಲಿ ಸುಪ್ರೀಂ ಕೋರ್ಟೂ ಹೇಳಿಬಿಟ್ಟಿದೆ. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ಮೈಗೆ ತೆಂಗಿನ ಹಾಲು ಹಚ್ಚೋ ಮುಂಚೆ ಹುಡುಗೀರಿಗೆ ಇಷ್ಟು ತಿಳಿಸಿದ್ರೆ ಯಾರ ನಂಬಿಕೇನೂ ಕೆಡಲ್ಲ ಅಂತ ನನ್ನ ಅಭಿಪ್ರಾಯ, ಬೇಕಾದ್ರೆ ಬೈಕೊಳ್ಳಿ.

ಇದನ್ನೆಲ್ಲ ಅವನ ಹತ್ರಾನೂ ಹೇಳಿದೀನಿ. ನಾನು ಹೊಡೆದ್ರೆ ನೀನು ಹೋಗು, ನಿಂತ್ಕೋಬೇಡ ಅಂದ. ಗುಲಾಬಿ ಕೊಟ್ಟಾಗಲೂ ಅಷ್ಟು ಖುಷಿ ಆಗಿರಲಿಲ್ಲ ನಂಗೆ.

ಅಂದಹಾಗೆ ನಮ್ ಬೀಚಿಗೆ ಹೆಸರಿರೋ ಟಾಗೋರರೂ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ರಲ್ಲ, 1883ರಲ್ಲಿ, ಅವಾಗ ಅವರಿಗೆ 22 ವಯಸ್ಸು. ಎಲ್ಲ ಬಿಟ್ಟೆ ಅಂದ್ಕೊಂಡಿದ್ದ ಸನ್ಯಾಸಿಯೊಬ್ಬನನ್ನ ಒಂದು ಪುಟ್ಟ ಹುಡುಗಿ ಮೇಲಿನ ಪ್ರೀತಿ ವಾಪಸ್ ಜನರ ನಡುವೆ ಎಳ್ಕೊಂಡು ಬರೋ ನಾಟಕ ಬರೆದದ್ದು ಇಲ್ಲೇ. ವಾಪಸ್ ಹೋಗಿ ಅದೇ ವರ್ಷ ಡಿಸೆಂಬರಲ್ಲಿ ಮದುವೆನೂ ಆದ್ರು. ನಮ್ ಹುಡುಗನಿಗೆ ಇದನ್ನ ಹೇಳಿದ್ರೆ, ನೋಡು ಕಾರವಾರದ ಗಾಳಿನೇ ಹಂಗೆ ಅಂತಾನೆ.

ಅವನು ಈಗ ಮತ್ತೆ ಶಿಪ್ಪಿಗೆ ಹೋಗಿದಾನೆ, ಮದುವೆ ಹೊತ್ತಿಗೆ ಸೈನ್ ಆಫ್, ಅಂದ್ರೆ ಶಿಪ್ಪಿಂದ ಇಳಿದು ಬರ್ತಾನೆ. ನೆಟ್ವರ್ಕ್ ಸಿಕ್ಕಿದಾಗ ಜಗಳ, ಇಲ್ಲದಿದ್ದಾಗ ಜಗಳ ಮಾಡೋಕೆ ಇವನಿಲ್ವಲ್ಲ ಅಂತ ಬೇಜಾರು. ಸದ್ಯದ ಜಗಳ ಜಾಯಿಂಟ್ ಅಕೌಂಟಿಂದು. ಅವನು ಸಂಬಳ ಪೂರ್ತಿ ಅದರಲ್ಲೇ ಹಾಕ್ತೀನಿ, ನೀನು ನೋಡ್ಕೋ ಅಂತಾನೆ. ನಂದೂ ಸಂಬಳ ಇದೆ, ನಂಗೆ ನಂದೊಂದು ಬೇರೆ ಅಕೌಂಟ್ ಇರಲಿ, ಮನೆ ಖರ್ಚಿಗೆ ಮಾತ್ರ ಜಾಯಿಂಟ್ ಮಾಡೋಣ ಅಂತ ನಾನು. ಒಂದಾಗೋದು ಅಂದ್ಮೇಲೆ ಪೂರ್ತಿ ಒಂದಾಗಬೇಕಲ್ಲ ಅಂತ ಅವನ ವಾದ. ಇನ್ನೂ ಮುಗಿದಿಲ್ಲ, ಶಿಪ್ ಸಿಂಗಾಪುರಕ್ಕೆ ಬಂದ ಮೇಲೆ ಮುಂದುವರಿಸೋಣ ಅಂದಿದಾನೆ.