‘ಫಾರ್ವರ್ಡ್’ ಆಟ: ದಂಡದ ಕಾರ್ಡ್ ಕೊನೆಗೂ ದಾರಿಗೆ ಬಂತು

ಉಡುಪಿಯ ಒಂಬತ್ತನೇ ತರಗತಿ ಮಕ್ಕಳಿಗಾಗಿ ಗಾಳಿಸುದ್ದಿ ಮತ್ತು ಮಾತಿನ ಸ್ವಾತಂತ್ರ್ಯದ ಬಗ್ಗೆ ಮಾಡುತ್ತಿರುವ ‘ಫಾರ್ವರ್ಡ್’ ಆಟದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಒಂದು ಕಾರ್ಡ್. ಅದು ಈಗ ಕೆಲಸ ಮಾಡುತ್ತಿದೆ! ಬೋರ್ಡ್, ಸರದಿ, ಪಾತ್ರ (ನಾಗರಿಕರು, ಸರ್ಕಾರ, ನ್ಯಾಯಪೀಠ, ಆ್ಯಪ್ ಮಾಲೀಕ) ಹಂಚುವ ಕ್ರಮ ಎಲ್ಲ ಹಿಂದಿನ ಹಾಗೆಯೇ ಉಂಟು, ಅದನ್ನು ಬಿಡುತ್ತೇನೆ.

ತೊಂದರೆ ಇದು. ನಾಗರಿಕರು ಸುದ್ದಿ ಕಾರ್ಡ್ ಹಂಚಿದಷ್ಟೂ ಅವರಿಗೆ ಮಂಜೊಟ್ಟಿ, ಅಂದರೆ ಚೆನ್ನೆಮಣೆಯ ಕೆಂಪು ಬೀಜ, ಅಂಕವಾಗಿ ಸಿಗುತ್ತದೆ. (ಪ್ಲಾಸ್ಟಿಕ್ ಬಿಲ್ಲೆ ಕಳಿಸುತ್ತೇನೆ ಎಂದ ಆನ್‌ಲೈನ್ ಅಂಗಡಿಯವರು ದುಡ್ಡು ತೆಗೆದುಕೊಂಡು ಮಾಯವಾದರು, ಹಾಗಾಗಿ ಚೆನ್ನೆಮಣೆಯ ಕಾಯಿಗಳೇ ಗತಿ. ನೋಡಲು ಅದೇ ಚಂದ.) ದಂಡ ಇಲ್ಲದಿದ್ದರೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಗಾಳಿಸುದ್ದಿ ಹಂಚುತ್ತಾರೆ. ದಂಡ ಇಟ್ಟರೆ ಯಾರೂ ಬಾಯಿಯೇ ಬಿಡುವುದಿಲ್ಲ.

ದಂಡದ ಕಾರ್ಡಿನ ಮಾತನ್ನು ನಾನು ಬೇಕೆಂದೇ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಹಳೆಯ 66ಎ ಸೆಕ್ಷನ್ನಿನಿಂದ ತೆಗೆದಿದ್ದೆ: ‘ಕಿರಿಕಿರಿ ಮಾಡುವ ಸಂದೇಶ ಹಾಕಿದವರು ಮೂರು ಸರದಿ ಹೊರಗೆ’. ಅಸಲಿ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು ಇತ್ತು. ಸರ್ಕಾರದ ಪಾತ್ರ ಸಿಕ್ಕ ಹುಡುಗಿ ರಸ್ತೆ ಗುಂಡಿಯ ಫೋಟೊ ಹಾಕಿದವನನ್ನು ಮೊದಲು ಹೊರಗೆ ಕೂರಿಸಿದಳು. “ನಂಗೆ ಕಿರಿಕಿರಿ ಆಯ್ತಲ್ಲ!” ಅಂದಳು. ಕಾರ್ಡಿನ ಪ್ರಕಾರ ಅವಳು ಹೇಳಿದ್ದೇ ಸರಿ. ಅಲ್ಲಿಂದ ಇಡೀ ಟೇಬಲ್ ತಣ್ಣಗಾಯಿತು. “ಸರ್, ಸುಮ್ನೆ ಕೂತ್ರೆ ಸೋಲುವುದಿಲ್ಲ ಅಲ್ವಾ?” ಎಂದು ಒಬ್ಬ ಕೇಳಿದ.

ಮೂರು ಸರದಿಯನ್ನು ಒಂದಕ್ಕೆ ಇಳಿಸಿ ನೋಡಿದೆ, ಹೊರಗೆ ಹಾಕುವ ಬದಲು ಬರೀ ಮಂಜೊಟ್ಟಿ ಕಿತ್ತುಕೊಳ್ಳುವ ಹಾಗೆ ಮಾಡಿ ನೋಡಿದೆ, ಏನು ಮಾಡಿದರೂ ಮೌನವೇ. ದಂಡ ದೊಡ್ಡದೋ ಸಣ್ಣದೋ ಎಂಬುದು ಮಕ್ಕಳಿಗೆ ಲೆಕ್ಕವೇ ಅಲ್ಲ. ಯಾವ ಮಾತಿಗೆ ದಂಡ ಬೀಳುತ್ತದೆ ಎಂದು ಮೊದಲೇ ಗೊತ್ತಾಗದಿರುವುದು ಅವರನ್ನು ಹೆದರಿಸುತ್ತದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 66ಎಯನ್ನು ಹೊಡೆದುಹಾಕಿದ್ದಕ್ಕೆ ಇದೂ ಒಂದು ಕಾರಣ, ಪದಗಳಿಗೆ ಗಡಿಯೇ ಇರಲಿಲ್ಲ. ಆ ತೀರ್ಪನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಇಲ್ಲಿ ಅವರೇ ಅದರೊಳಗೆ ಸಿಕ್ಕಿಬಿದ್ದಿದ್ದರು.

ಹಾಗಾಗಿ ಹೊಸ ಕಾರ್ಡಿನಲ್ಲಿ ‘ಕಿರಿಕಿರಿ’ ಇಲ್ಲ. ಸಂವಿಧಾನದ 19(2)ನೇ ವಿಧಿಯಲ್ಲಿ ಮಾತಿಗೆ ಮಿತಿ ಹಾಕಲು ಎಂಟು ಕಾರಣಗಳುಂಟು: ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಸರ್ಕಾರ ಇವುಗಳಲ್ಲಿ ಒಂದನ್ನು ಹೆಸರಿಸಲೇಬೇಕು. ಪೀಠದಲ್ಲಿ ಕೂತ ಮೂವರು ಒಪ್ಪಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ ಮಾತ್ರ ದಂಡ. ಪೀಠ ಒಪ್ಪದಿದ್ದರೆ ಮಂಜೊಟ್ಟಿ ಕಳೆದುಕೊಳ್ಳುವುದು ಸರ್ಕಾರ.

ಮತ್ತೆ ಗಲಾಟೆ ಶುರುವಾಯಿತು ನೋಡಿ! ಮಳೆ ಜಾಸ್ತಿಯಾದ ಕೂಡಲೇ ‘ನಾಳೆ ರಜೆ’ ಎಂದು ಜಿಲ್ಲಾಧಿಕಾರಿಯ ಹೆಸರಿನಲ್ಲಿ ತಿರುಗುವ ಸುಳ್ಳು ಆದೇಶ ನಮ್ಮ ಕಡೆ ಎಲ್ಲರಿಗೂ ಗೊತ್ತು, ಅದೂ ಒಂದು ಕಾರ್ಡ್. ಸರ್ಕಾರ ‘ಸಾರ್ವಜನಿಕ ಶಾಂತಿ’ ಎಂದಿತು. “ಶಾಲೆಗೆ ಬಾರದೆ ಮನೆಯಲ್ಲಿ ಮಲಗಿದರೆ ಶಾಂತಿ ಹಾಳಾಗ್ತದಾ?” ಎಂದು ನಾಗರಿಕರ ಕಡೆಯಿಂದ ಬಂತು. ಇನ್ನೊಬ್ಬಳು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, “ಸುಳ್ಳು ಅಂತ ಈ ಎಂಟರಲ್ಲಿ ಎಲ್ಲುಂಟು ಸರ್?” ಎಂದಳು. ಇಲ್ಲವೇ ಇಲ್ಲ! ಈ ಪ್ರಶ್ನೆ ಒಬ್ಬ ವಿದ್ಯಾರ್ಥಿಯ ಬಾಯಲ್ಲಿ ಬರಲಿ ಎಂದೇ ನಾನು ಇಷ್ಟೆಲ್ಲ ಒದ್ದಾಡಿದ್ದು.

ಸುಳ್ಳಿಗೆ ಮದ್ದು ಬೇರೆ ಕಡೆ ಇಟ್ಟೆ. ಯಾರು ಬೇಕಾದರೂ ಒಂದು ಮಂಜೊಟ್ಟಿ ಕೊಟ್ಟು ‘ಮೂಲ ಎಲ್ಲಿ?’ ಎಂದು ಕೇಳಬಹುದು. ತೋರಿಸಲಾಗದಿದ್ದರೆ ಹಂಚಿದವನು ಗಳಿಸಿದ್ದೆಲ್ಲ ಕೇಳಿದವರಿಗೆ. ಈಗ ಹಂಚುವ ಮೊದಲು ಮಕ್ಕಳು ಕಾರ್ಡಿನ ದಿನಾಂಕ ನೋಡುತ್ತಿದ್ದಾರೆ. ಆ್ಯಪ್ ಮಾಲೀಕನ ಪಾತ್ರ ಇನ್ನೂ ಸ್ವಲ್ಪ ಸಪ್ಪೆ. ಪೋಸ್ಟ್ ತೆಗೆಯಲು ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬೇಕು ಎಂಬುದೂ ಶ್ರೇಯಾ ಸಿಂಘಲ್ ತೀರ್ಪಿನಲ್ಲೇ ಇದೆ, ಅದನ್ನು ಮುಂದಿನ ಸಲ ಸೇರಿಸಬೇಕು.

ಪ್ರಿಂಟಿಂಗ್ ಬಗ್ಗೆ ಒಂದು ಮಾತು. 300 ಜಿಎಸ್‌ಎಂನ ದಪ್ಪ ಕಾರ್ಡಿಗೆ ಒಂದೇ ಬದಿ ಲ್ಯಾಮಿನೇಶನ್ ಸಾಕು ಎಂದು ಹೇಳುವ ಪ್ರೆಸ್ಸಿನವರನ್ನು ಮಳೆಗಾಲದಲ್ಲಿ ನಂಬಬೇಡಿ. ನನ್ನ ಕಾರ್ಡುಗಳೆಲ್ಲ ಹಪ್ಪಳದ ಹಾಗೆ ಸುರುಟಿಕೊಂಡಿವೆ. ಕಟಿಂಗ್ ಕೂಡ ಓರೆ, ಹಿಂಬದಿ ನೋಡಿಯೇ ದಂಡದ ಕಾರ್ಡ್ ಯಾವುದೆಂದು ಮಕ್ಕಳು ಹೇಳುತ್ತಾರೆ.

ಈ ನಡುವೆ ಮುಂದಿನ ಆಟ ತಲೆಗೆ ಹೊಕ್ಕಿದೆ. ಮಂಗಳೂರಿನಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಎಡನೀರು ಮಠ. ಅಲ್ಲಿನ ಕೇಶವಾನಂದ ಭಾರತಿ ಸ್ವಾಮೀಜಿ ಹಾಕಿದ ಅರ್ಜಿಯಿಂದಲೇ 1973ರಲ್ಲಿ ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೂಡ ಕೆಡವುವಂತಿಲ್ಲ ಎಂಬ ತೀರ್ಪು ಬಂದದ್ದು. 13 ನ್ಯಾಯಮೂರ್ತಿಗಳು, 7–6ರ ಬಹುಮತ. ಆಟಕ್ಕೆ ಇದಕ್ಕಿಂತ ಬಿಗಿಯಾದ ಸ್ಕೋರ್ ಬೇಕಾ? ಮೂಲರಚನೆ ಎಂದರೆ ಏನೇನು ಎಂಬ ಪಟ್ಟಿಯನ್ನು ಬೋರ್ಡಿನ ಮೇಲೆ ಅಚ್ಚು ಹಾಕಿಸುವುದಿಲ್ಲ, ಸಂವಿಧಾನದಲ್ಲೂ ಅಂಥ ಪಟ್ಟಿ ಇಲ್ಲ. ಪೀಠದಲ್ಲಿ ಕೂತವರೇ ವಾದ ಮಾಡಿ ಕಂಡುಕೊಳ್ಳಲಿ. 13 ಮಂದಿ ವಾದ ಮಾಡುವಾಗ ಉಳಿದ ಮಕ್ಕಳಿಗೆ ಏನು ಕೆಲಸ ಕೊಡುವುದು ಎಂಬುದು ಮಾತ್ರ ಹೊಳೆಯುತ್ತಿಲ್ಲ. ದೊಡ್ಡ ಗುಂಪಿನಲ್ಲಿ ಆಡಿಸಿದವರು ಯಾರಾದರೂ ಇದ್ದರೆ ಹೇಳಿ.