ಚೊಚ್ಚಲ ಹೆರಿಗೆ ಎಲ್ಲಿ ಮಾಡಿಸೋಣ ಸಿಸ್ಟರ್?

ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಈ ಕೆಲಸದಲ್ಲಿ ಇರುವವರನ್ನು ಒಂದು ಪ್ರಶ್ನೆ ಎಲ್ಲಿ ಹೋದರೂ ಬಿಡುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ರೇಷನ್ ಅಂಗಡಿ ಮುಂದೆ, ಎಲ್ಲ ಕಡೆ ಅದೇ. "ಸಿಸ್ಟರ್, ನಮ್ಮ ಹುಡುಗಿಗೆ ಚೊಚ್ಚಲು. ಎಲ್ಲಿ ಸೇರಿಸೋಣ? ಸರ್ಕಾರಿನಾ, ಪ್ರೈವೇಟಾ, ಇಲ್ಲ ಬೆಂಗಳೂರೇ ವಾಸಿನಾ?" ಕೇಳುವವರು ಹೆಚ್ಚಾಗಿ ಹುಡುಗಿಯ ಅಮ್ಮ, ಇಲ್ಲವೇ ಅತ್ತೆ. ಹುಡುಗಿ ಪಕ್ಕದಲ್ಲಿ ಮೊಬೈಲ್ ನೋಡುತ್ತಾ ನಿಂತಿರುತ್ತಾಳೆ, ಹೆರುವುದು ಬೇರೆ ಯಾರೋ ಅನ್ನುವ ಹಾಗೆ.

ಅವರಿಗೆ ಬೇಕಾಗಿರುವುದು ಒಂದು ಆಸ್ಪತ್ರೆಯ ಹೆಸರು. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಒಂಬತ್ತನೇ ತಿಂಗಳಲ್ಲಿ ಅವಳು ರಾತ್ರಿ ಮಲಗುವುದು ಯಾವ ಊರಲ್ಲಿ?

ನಮ್ಮ ಕಡೆ ಮೊದಲ ಹೆರಿಗೆ ತವರಿನದು. ಹುಡುಗಿ ಗಂಡನ ಜೊತೆ ಬೆಂಗಳೂರಿನಲ್ಲೋ ಮಾಲೂರಿನಲ್ಲೋ ಇರುತ್ತಾಳೆ. ಏಳು ತಿಂಗಳು ಅಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿರುತ್ತಾಳೆ. ಸೀಮಂತ ಮುಗಿಯುತ್ತದೆ, ಮಡಿಲು ತುಂಬಿಸುತ್ತಾರೆ, ತವರಿನವರು ಕರೆದುಕೊಂಡು ಬರುತ್ತಾರೆ. ತವರು ಶ್ರೀನಿವಾಸಪುರದ ಆಚೆ, ಮಾವಿನ ತೋಪುಗಳ ನಡುವೆ ಒಂದು ಹಳ್ಳಿ. ಅಲ್ಲಿಂದ ಆಪರೇಷನ್ ಆಗುವ ಆಸ್ಪತ್ರೆ ಎಷ್ಟು ದೂರ, ಸರಿರಾತ್ರಿ ಗಾಡಿ ಯಾರದು, ಈ ಮಾತು ಸೀಮಂತದ ದಿನ ಯಾರ ಬಾಯಲ್ಲೂ ಬರುವುದಿಲ್ಲ. ಸೀರೆಯ ಬಣ್ಣದ ಬಗ್ಗೆ ಮಾತ್ರ ಬೇಕಾದಷ್ಟು ಚರ್ಚೆ ಆಗಿರುತ್ತದೆ.

ಪದ್ಧತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಾಣಂತನಕ್ಕೆ ಅಮ್ಮನ ಮನೆಯಂಥ ಜಾಗ ಇನ್ನೊಂದಿಲ್ಲ. ಆದರೆ ಹೆರಿಗೆ ಬೇರೆ, ಬಾಣಂತನ ಬೇರೆ. ಹೆರಿಗೆಗೆ ಹತ್ತಿರದಲ್ಲಿ ಇರಬೇಕಾದದ್ದು ಆಪರೇಷನ್ ಥಿಯೇಟರ್ ಮತ್ತು ರಕ್ತ. ಬಾಣಂತನಕ್ಕೆ ಬೇಕಾಗಿರುವುದು ಬಿಸಿನೀರು, ಬಿಸಿ ಊಟ, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಎರಡೂ ಒಂದೇ ಊರಲ್ಲಿ ಆಗಬೇಕು ಅಂತ ಏನಿದೆ? ನನ್ನ ಚೊಚ್ಚಲ ಹೆರಿಗೆ ಆಗಿದ್ದು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ. ನಮ್ಮ ಬಾಡಿಗೆ ಮನೆಗೆ ಅಮ್ಮನೇ ಬಂದು ಇದ್ದರು. ಹೊಲಿಗೆ ಒಣಗಿದ ಮೇಲೆ ತವರಿಗೆ ಹೋದೆ. ಊರಲ್ಲಿ ಸ್ವಲ್ಪ ದಿನ ಆಡಿಕೊಂಡರು, ಆಮೇಲೆ ಅವರೇ ಮಗು ನೋಡಲು ಬಂದರು.

ಚೊಚ್ಚಲಿಗೆ ಯಾಕಿಷ್ಟು ಎಚ್ಚರ ಅಂದರೆ, ಎರಡನೇ ಸಲ ಬರುವವಳ ಹಿಂದೆ ಒಂದು ಅನುಭವ ಇರುತ್ತದೆ. ಹಿಂದಿನ ಮಗು ಎಷ್ಟು ತೂಕ, ಹೇಗೆ ಹುಟ್ಟಿತು, ರಕ್ತ ಜಾಸ್ತಿ ಹೋಯಿತಾ ಅಂತ ಕೇಳಿದರೆ ನಮಗೆ ಅರ್ಧ ತಿಳಿಯುತ್ತದೆ. ಮೊದಲ ಸಲದವಳಲ್ಲಿ ಅದು ಯಾವುದೂ ಇಲ್ಲ. ಸ್ಕ್ಯಾನಿಂಗ್ ನಾರ್ಮಲ್, ಬಿಪಿ ನಾರ್ಮಲ್, ಮಗುವಿನ ತಲೆ ಕೆಳಗಿದೆ. ಇಷ್ಟಿದ್ದರೂ ಆ ತಲೆ ಆ ಸೊಂಟದಲ್ಲಿ ಇಳಿಯುತ್ತದಾ ಅಂತ ಗೊತ್ತಾಗುವುದು ನೋವು ಶುರುವಾಗಿ ಬಹಳ ಹೊತ್ತಾದ ಮೇಲೆಯೇ. ಮೊದಲ ಹೆರಿಗೆಯ ನೋವು ಹನ್ನೆರಡು ಗಂಟೆ ದಾಟುವುದು ಮಾಮೂಲು. ಅಷ್ಟು ಹೊತ್ತಿನಲ್ಲಿ ಮಗುವಿನ ಎದೆಬಡಿತ ಇಳಿದರೆ, ತಲೆ ಅಲ್ಲೇ ನಿಂತರೆ, ಆಪರೇಷನ್ ಬೇಕಾಗುತ್ತದೆ. ಅದನ್ನು ಬೆಳಿಗ್ಗೆಯೇ ಊಹಿಸಲು ಯಾವ ಡಾಕ್ಟರಿಂದಲೂ ಆಗುವುದಿಲ್ಲ.

ಮಗು ಹೊರಗೆ ಬಂತು, ಎಲ್ಲ ಮುಗಿಯಿತು ಅಂತ ಹೊರಗಡೆ ಮಿಠಾಯಿ ಹಂಚುತ್ತಿರುತ್ತಾರೆ. ನಮಗೆ ಒಳಗೆ ನಿಜವಾದ ಆತಂಕ ಆಗ ಶುರು. ಗರ್ಭಕೋಶ ಗಟ್ಟಿಯಾಗದೆ ರಕ್ತ ಹರಿಯತೊಡಗಿದರೆ, ಸಮಯಕ್ಕೆ ಚಿಕಿತ್ಸೆ ಸಿಗದಿದ್ದರೆ, ಎರಡು ಗಂಟೆಯೊಳಗೆ ತಾಯಿಯ ಜೀವ ಹೋಗಬಹುದು. ಅದು ಎಲ್ಲ ಸರಿಯಿದ್ದ ಹುಡುಗಿಗೂ ಆಗುತ್ತದೆ. ಕೂಸಿನ ಕಥೆಯೂ ಹಾಗೆಯೇ. ಹತ್ತು ಕೂಸುಗಳಲ್ಲಿ ಒಂದಕ್ಕೆ ಉಸಿರು ಶುರುಮಾಡಲು ಏನಾದರೂ ಸಹಾಯ ಬೇಕಾಗುತ್ತದೆ. ಹೆಚ್ಚಿನವಕ್ಕೆ ಬೆನ್ನು ಒರೆಸಿ ತಟ್ಟಿದರೆ ಸಾಕು. ಕೆಲವಕ್ಕೆ ಸಾಕಾಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಇದು. ಅವಳು ಮಲಗುವ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ರಾತ್ರಿ ಎರಡು ಗಂಟೆಗೂ ಆಪರೇಷನ್ ಮಾಡಬಲ್ಲ ಆಸ್ಪತ್ರೆ ಇರಬೇಕು. ಇಲ್ಲದಿದ್ದರೆ ಒಂಬತ್ತನೇ ತಿಂಗಳಿಗೆ ಮಲಗುವ ಮನೆಯನ್ನೇ ಬದಲಾಯಿಸಿ.

ಹೊರಗಿನ ಬೋರ್ಡು ನೋಡಿದರೆ ಇದು ತಿಳಿಯುವುದಿಲ್ಲ. ಒಳಗೆ ಹೋಗಿ ಕೇಳಬೇಕು, ನಾಚಿಕೆ ಬೇಡ. "ಮಧ್ಯರಾತ್ರಿ ಸಿಸೇರಿಯನ್ ಬೇಕಾದರೆ ಅನಸ್ತೇಶಿಯಾ ಡಾಕ್ಟರು ಎಲ್ಲಿಂದ ಬರಬೇಕು?" ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಮುಕ್ಕಾಲು ಪಾಲು ತಿಳಿದುಬಿಡುತ್ತದೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಹೆರಿಗೆ ಡಾಕ್ಟರು ಮಹಡಿ ಮೇಲೆಯೇ ಇರುತ್ತಾರೆ, ಸರಿ. ಆದರೆ ಅನಸ್ತೇಶಿಯಾ ಕೊಟ್ಟು ಮತ್ತು ಬರಿಸುವ ಡಾಕ್ಟರು ಇನ್ನೊಂದು ಊರಿಂದ ಕಾರಿನಲ್ಲಿ ಬರಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಅಷ್ಟೇ. ಒಬ್ಬರೇ ಇದ್ದು ಅವರು ರಜೆ ಹಾಕಿದರೆ ಆ ದಿನ ನಮ್ಮ ಕೈಲಿರುವುದು ರೆಫರ್ ಚೀಟಿ ಮಾತ್ರ. ನಮ್ಮ ಆಸ್ಪತ್ರೆ ಅಂತ ನಾನು ಮುಚ್ಚಿಡುವುದಿಲ್ಲ. ಆಮೇಲೆ ಕೇಳಿ, ರಕ್ತ ಎಲ್ಲಿದೆ? ಬ್ಲಡ್ ಬ್ಯಾಂಕ್ ಇಲ್ಲೇನಾ, ನಾಲ್ಕು ಬಾಟಲಿ ಇಡುವ ಫ್ರಿಡ್ಜಾ, ಇಲ್ಲ ನಮ್ಮವರೇ ಓಡಬೇಕಾ? ಹುಡುಗಿಯದು ನೆಗೆಟಿವ್ ಗ್ರೂಪ್ ಆದರೆ ಈ ಮಾತನ್ನು ಎಂಟನೇ ತಿಂಗಳಲ್ಲೇ ಮುಗಿಸಿಡಿ. ಕೊನೆಯದಾಗಿ ಮಕ್ಕಳ ಡಾಕ್ಟರು. ಕೂಸಿಗೆ ಉಸಿರಾಟದ ತೊಂದರೆಯಾದರೆ ಇಟ್ಟುಕೊಳ್ಳುವ ಘಟಕ ಇದೆಯಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ?

ಕೆಲವರಿಗೆ ಈ ವಿಚಾರಣೆಯೂ ಬೇಡ, ನೇರ ದೊಡ್ಡ ಆಸ್ಪತ್ರೆ. ಬಿಪಿ ಏರಿದವರು, ಶುಗರ್ ಇರುವವರು, ಅವಳಿ ಮಕ್ಕಳು, ಮಗು ಅಡ್ಡ ಮಲಗಿರುವವರು ಅಥವಾ ಕಾಲು ಕೆಳಗಿರುವವರು, ಮಾಸು ಕೆಳಗೆ ಕೂತಿರುವವರು, ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ ಇಳಿದವರು. ಕೋಲಾರದವರಿಗೆ ಎಸ್‌ಎನ್‌ಆರ್ ಇದೆ, ಪಕ್ಕದ ಟಮಕದಲ್ಲಿ ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ ಇದೆ.

ಎಲ್ಲ ಸರಿಯಿರುವ ಚೊಚ್ಚಲ ಹುಡುಗಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕಾ? ಹೆರಿಗೆ ಮಾಡಿಸಲು ಅಲ್ಲಿನ ಸಿಸ್ಟರ್‌ಗಳಿಗೆ ಚೆನ್ನಾಗಿ ಗೊತ್ತು, ಕೆಲವರ ಕೈ ನನ್ನ ಕೈಗಿಂತ ಚೆನ್ನ. ಆದರೂ ಮೊದಲನೆಯದಕ್ಕೆ ನಾನು ಥಿಯೇಟರ್ ಇರುವ ಕಡೆಗೇ ಕಳಿಸುತ್ತೇನೆ. ಎರಡನೆಯದಕ್ಕೆ ಬೇಕಾದರೆ ಅಲ್ಲಿ ಸೇರಲಿ.

ಇನ್ನು ಬೆಂಗಳೂರು. ಇದರ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಬೆಂಗಳೂರಿನ ಆಸ್ಪತ್ರೆಗಳು ಕೆಟ್ಟವಲ್ಲ. ಕೆಟ್ಟದ್ದು ಏನೆಂದರೆ "ನೋವು ಬಂದ ತಕ್ಷಣ ಹೊರಟುಬಿಡ್ತೀವಿ" ಅನ್ನುವ ಯೋಜನೆ. ಕೋಲಾರದಿಂದಲೇ 70 ಕಿಲೋಮೀಟರ್ ಹತ್ತಿರ. ಮುಳಬಾಗಿಲಿನಿಂದಾದರೆ ಇನ್ನೂ 30 ಸೇರಿಸಿ. ನರಸಾಪುರದ ಫ್ಯಾಕ್ಟರಿಗಳ ಶಿಫ್ಟ್ ಬಿಡುವ ಹೊತ್ತು, ಹೊಸಕೋಟೆ, ಆಮೇಲೆ ಕೆ.ಆರ್.ಪುರದ ತೂಗು ಸೇತುವೆ. ಆ ಟ್ರಾಫಿಕ್ಕಿನಲ್ಲಿ ಮಾವ ಡ್ರೈವ್ ಮಾಡುತ್ತಾ, ಹಿಂದಿನ ಸೀಟಿನಲ್ಲಿ ಅಮ್ಮ ದೇವರ ಹೆಸರು ಹೇಳುತ್ತಾ ಇರುವುದು ಯಾವ ದೊಡ್ಡ ಆಸ್ಪತ್ರೆಯ ಸೌಲಭ್ಯ ಹೇಳಿ? ಬೆಂಗಳೂರೇ ಆಗಬೇಕು ಅಂದರೆ, ಮೂವತ್ತೇಳು ವಾರ ತುಂಬುವ ಹೊತ್ತಿಗೆ ಆ ಆಸ್ಪತ್ರೆಯ ಹತ್ತಿರ ಅಕ್ಕನ ಮನೆಯೋ ಚಿಕ್ಕಮ್ಮನ ಮನೆಯೋ ನೋಡಿಕೊಂಡು ಅಲ್ಲಿ ಇರಿ. ಅದಾಗದಿದ್ದರೆ ಆ ಆಸೆ ಬಿಡಿ.

ಸರ್ಕಾರಿನಾ ಪ್ರೈವೇಟಾ ಅನ್ನುವ ಜಗಳ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ, ಮೇಲಿನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಯಾರು ಕೊಟ್ಟರೂ ಸರಿ. ಆದರೆ ಒಂದೆರಡು ವಿಷಯ ಗೊತ್ತಿರಲಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಸೇರಿಯನ್. ಸರ್ಕಾರಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಎಲ್ಲದಕ್ಕೂ ಡಾಕ್ಟರುಗಳೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಪಂಚಾಂಗ ಹಿಡಿದುಕೊಂಡು ಬಂದು, ಇಂಥ ನಕ್ಷತ್ರದಲ್ಲಿ ಮಗು ತೆಗೆಯಿರಿ ಅನ್ನುವವರನ್ನೂ ನೋಡಿದ್ದೇನೆ. ಕಾರಣವಿಲ್ಲದೆ ಮೂವತ್ತೊಂಬತ್ತು ವಾರಕ್ಕೆ ಮೊದಲು ಆಪರೇಷನ್ ಮಾಡಿ ತೆಗೆದ ಕೂಸಿಗೆ ಉಸಿರಾಟದ ತೊಂದರೆ ಬರುವ ಸಂಭವ ಜಾಸ್ತಿ. ಒಳ್ಳೆ ನಕ್ಷತ್ರದಲ್ಲಿ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದರೆ ಏನು ಬಂತು?

ಸರ್ಕಾರಿ ಅಂದರೆ ಭಯ ಇರುವುದು ನಿಜ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್ ಬಾಟಲಿಯ ದ್ರಾವಣದ ಮೇಲೆ ಅನುಮಾನ ಬಂತು. ಆ ದಿನಗಳಲ್ಲಿ ನಮ್ಮ ವಾರ್ಡಿನಲ್ಲಿ ಪ್ರತಿಯೊಬ್ಬ ಅಮ್ಮನೂ ಬಾಟಲಿ ತಿರುಗಿಸಿ ಲೇಬಲ್ ಓದುತ್ತಿದ್ದರು. ಓದಲಿ, ತಪ್ಪೇನಿಲ್ಲ. ನನ್ನನ್ನು ಕೇಳಿದರೆ, ದಿನಾ ಹೆರಿಗೆ ನಡೆಯುವ, ಮೂರು ಪಾಳಿಯಲ್ಲೂ ಜನ ಇರುವ ಸರ್ಕಾರಿ ಆಸ್ಪತ್ರೆ, ಯಾವಾಗಲೋ ಒಂದು ಹೆರಿಗೆ ಆಗುವ ಚಂದದ ನರ್ಸಿಂಗ್ ಹೋಮ್‌ಗಿಂತ ಮೇಲು. ಗದ್ದಲ ಇರುತ್ತದೆ, ಬೈಗುಳವೂ ಇರುತ್ತದೆ. ನೋವಿನಲ್ಲಿ ಕೂಗುವ ಹುಡುಗಿಗೆ ಗದರುವವರು ನಮ್ಮಲ್ಲಿದ್ದಾರೆ, ಅದಕ್ಕೆ ಸಮರ್ಥನೆ ಇಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಲು ಬಿಡಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಸೇರುವ ಮೊದಲೇ ಕೇಳಿಕೊಳ್ಳಿ. ಅಮ್ಮನೋ ಅಕ್ಕನೋ ಪಕ್ಕದಲ್ಲಿದ್ದರೆ ಗದರುವ ಬಾಯಿಗಳೂ ಸ್ವಲ್ಪ ತಗ್ಗುತ್ತವೆ.

ದುಡ್ಡಿನ ಮಾತು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ಊಟ ನಾರ್ಮಲ್ ಆದರೆ 3 ದಿನ, ಆಪರೇಷನ್ ಆದರೆ 7 ದಿನ. ಮನೆಗೆ ಬಿಡುವ ಗಾಡಿಯೂ ಅದರಲ್ಲೇ ಸೇರಿದೆ. ಗಂಡು ಮಗುವಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ "ಖುಷಿಗೆ" ಕೈ ಚಾಚುವವರು ಇದ್ದಾರೆ. ಕೊಡಬೇಡಿ. ಕೇಳಿದವರ ಮೇಲೆ ದೂರು ಕೊಡಿ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5000 ರೂಪಾಯಿ ಬೇರೆ ಇದೆ, ಅಂಗನವಾಡಿ ಟೀಚರ್ ಹತ್ತಿರ ಅರ್ಜಿ ಹಾಕಿ.

ಊರು ಬದಲಾಯಿಸುವ ಹುಡುಗಿಯರಿಗೆ ಇನ್ನೊಂದು ಮಾತು. ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮತ್ತು ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್ ಒಂದೇ ಕವರಿನಲ್ಲಿ ಇಟ್ಟುಕೊಂಡು, ಹೆರಿಗೆ ಎಲ್ಲಿ ಆಗಬೇಕೋ ಆ ಆಸ್ಪತ್ರೆಗೆ ಎಂಟನೇ ತಿಂಗಳಲ್ಲೇ ಒಂದು ಸಲ ಹೋಗಿ ತೋರಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರ ತಪಾಸಣೆ ಇರುತ್ತದೆ, ಆವತ್ತೇ ಹೋದರೆ ಒಳ್ಳೆಯದು. ರಿಪೋರ್ಟೆಲ್ಲ ಗಂಡನ ಮೊಬೈಲಿನಲ್ಲಿ, ಗಂಡ ಡ್ಯೂಟಿಯಲ್ಲಿ, ಫೋನ್ ಸ್ವಿಚ್ ಆಫ್. ಇದು ನಮ್ಮ ವಾರ್ಡಿನ ನಿತ್ಯದ ನಾಟಕ.

ಹಾಗಂತ ಕಾರ್ಡ್ ಇಲ್ಲ ಅಂತ ಯಾರೂ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್ ಇಲ್ಲ ಅಂತ ಜಿಲ್ಲಾ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳದೆ ಕಳಿಸಿದ ಹೆಂಗಸು ಮನೆಯಲ್ಲಿ ಹೆತ್ತು, ಅವಳಿ ಕೂಸುಗಳ ಜೊತೆ ತೀರಿಕೊಂಡಳು. ಅದರ ಮೇಲೆ ಸಿಬ್ಬಂದಿ ಅಮಾನತಾದರು. ಕಾಗದ ಆಮೇಲೆ, ಹೆರಿಗೆ ಮೊದಲು. ಬಾಗಿಲಲ್ಲಿ ಯಾರಾದರೂ ತಡೆದರೆ ಇದೇ ಘಟನೆ ಹೇಳಿ, ದಾರಿ ಬಿಡುತ್ತಾರೆ.

ಯಾವಾಗ ಹೊರಡಬೇಕು ಅಂತಲೂ ಕೇಳುತ್ತಾರೆ. ಸಣ್ಣ ನೋವು ಬಂದು ಹೋಗುತ್ತಿದ್ದರೆ ಮನೆಯಲ್ಲೇ ಓಡಾಡಿ, ಏನಾದರೂ ತಿನ್ನಿ, ಸ್ನಾನ ಮಾಡಿ. ಐದೈದು ನಿಮಿಷಕ್ಕೆ ಗಟ್ಟಿಯಾಗಿ ಬರತೊಡಗಿದರೆ ಹೊರಡಿ. ನೀರು ಒಡೆದರೆ, ರಕ್ತ ಕಂಡರೆ, ಮಗು ಒದೆಯುವುದು ಕಮ್ಮಿಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ನೋವಿಗೆ ಕಾಯಬೇಡಿ, ಅಮಾವಾಸ್ಯೆ ಕಳೆಯಲಿ ಅಂತಲೂ ಕಾಯಬೇಡಿ. ಊರಿನಲ್ಲಿ ಕಾರಿರುವ ಇಬ್ಬರಿಗೆ ಮೊದಲೇ ಹೇಳಿಟ್ಟಿರಿ. 108ಕ್ಕೆ ಫೋನ್ ಮಾಡಿದಾಗ ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು ಎರಡನ್ನೂ ಹೇಳಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಕಡೆ ಬೇಕಾದಷ್ಟಿವೆ.