ಹೂ ಉದುರಿದ ಮೇಲೆ ಈ ಆರ್ಕಿಡ್ ಮತ್ತೆ ಯಾಕೆ ಹೂ ಬಿಡಲ್ಲ?

ಸಿಂಗಾಪುರದಲ್ಲಿ ಚೀನೀ ಹೊಸವರ್ಷ ಮುಗಿದು ಎರಡು ಮೂರು ತಿಂಗಳಾಯಿತು ಅಂದರೆ ನನ್ನ ವಾಟ್ಸಾಪ್‌ಗೆ ಫೋಟೋಗಳು ಬರಲು ಶುರುವಾಗುತ್ತವೆ. ಎಲ್ಲದರಲ್ಲೂ ಒಂದೇ ಗಿಡ. ನಾಲ್ಕೈದು ದಪ್ಪ ಎಲೆ, ನಡುವೆ ಒಣಗಿದ ಕಡ್ಡಿ. ಜೊತೆಗೆ ಪ್ರಶ್ನೆ: "ಇಲ್ಲಿ ವರ್ಷವಿಡೀ ಮಳೆ, ಬಿಸಿಲು, ತೇವ. ಆರ್ಕಿಡ್‌ಗೆ ಇನ್ನೇನು ಬೇಕು? ಮತ್ಯಾಕೆ ಇದು ಹೂ ಬಿಡ್ತಿಲ್ಲ? ಯಾವ ಗೊಬ್ಬರ ಹಾಕಲಿ?"

ಗೊಬ್ಬರದ ತಪ್ಪಲ್ಲ. ನಿಮ್ಮ ಕೈಗುಣದ್ದೂ ತಪ್ಪಲ್ಲ. ಆ ಗಿಡಕ್ಕೆ ಬೇಕಾಗಿರೋದು ಚಳಿ. ಈ ದ್ವೀಪದಲ್ಲಿ ಇಲ್ಲದ್ದು ಅದೊಂದೇ.

ಹಬ್ಬಕ್ಕೆ ಮಾರುವ ದೊಡ್ಡ ಹೂವಿನ ಆರ್ಕಿಡ್ ಅಂದರೆ ಫ್ಯಾಲೆನಾಪ್ಸಿಸ್. ಇದರ ಕಾಡು ಬಂಧುಗಳು ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯವು. ಸೆಕೆ ಅದಕ್ಕೆ ಹೊಸದೇನಲ್ಲ. ಆದರೆ ಹೂಕಡ್ಡಿ ಹೊರಡಬೇಕಾದರೆ ಕೆಲವು ವಾರಗಳ ಕಾಲ ಸುಮಾರು 25 ಡಿಗ್ರಿಗಿಂತ ತಂಪಾದ ಹವೆ ಸಿಗಬೇಕು. ತೈವಾನ್‌ನಂಥ ಕಡೆ ದೊಡ್ಡ ನರ್ಸರಿಗಳು ಗಿಡ ಬಲಿತ ಮೇಲೆ ಅದನ್ನು ತಂಪು ಮಾಡಿ, ದಿನ ಲೆಕ್ಕ ಹಾಕಿ, ಮಾರಾಟದ ಹೊತ್ತಿಗೆ ಹೂ ಬರುವಂತೆ ನೋಡಿಕೊಳ್ಳುತ್ತವೆ. ನಮ್ಮಲ್ಲಿ ಹಗಲು 31, 32 ಡಿಗ್ರಿ. ರಾತ್ರಿ ಇಳಿದರೂ 25ರ ಆಸುಪಾಸು. ಭೂಮಧ್ಯರೇಖೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಉತ್ತರಕ್ಕಿದ್ದೇವೆ, ಚಳಿಗಾಲ ಎಲ್ಲಿಂದ ಬರಬೇಕು? ಹಾಗಾಗಿ ಗಿಡ ಎಲೆ ಬಿಡುತ್ತಾ ಆರಾಮಾಗಿ ಇರುತ್ತದೆ, ಹೂವಿನ ಸುದ್ದಿ ಮಾತ್ರ ಎತ್ತುವುದಿಲ್ಲ.

ಚಳಿ ಅಂದೆ. ಎಲ್ಲ ಆರ್ಕಿಡ್‌ಗೂ ವಾರಗಟ್ಟಲೆ ಚಳಿ ಬೇಕಾಗಿಲ್ಲ. ಕೆಲವಕ್ಕೆ ಒಂದು ಜೋರು ಮಳೆ ಸಾಕು. ಇಲ್ಲಿನ ರಸ್ತೆ ಬದಿಯ ದೊಡ್ಡ ಮಳೆಮರಗಳನ್ನು ತಲೆಯೆತ್ತಿ ನೋಡಿ. ಕೊಂಬೆಗಳ ಮೇಲೆ ಹುಲ್ಲಿನ ಹಾಗೆ ಒಂದು ಗಿಡ ಹಬ್ಬಿರುತ್ತದೆ. ಪಿಜನ್ ಆರ್ಕಿಡ್, ಇಲ್ಲಿನದೇ ಗಿಡ. ಮೊಗ್ಗು ಚಿಕ್ಕದಾಗಿ ಕಟ್ಟಿ ಸುಮ್ನೆ ಕೂತಿರುತ್ತದೆ. ಮಧ್ಯಾಹ್ನ ಕಾದ ಗಾಳಿ ಮಳೆ ಬಿದ್ದು ಒಮ್ಮೆಲೇ ಐದಾರು ಡಿಗ್ರಿ ತಣ್ಣಗಾಯಿತು ಅನ್ನಿ, ಆ ಮೊಗ್ಗು ಎಚ್ಚರವಾಗುತ್ತದೆ. ಅಲ್ಲಿಂದ 9 ದಿನಕ್ಕೆ ಆ ಬೀದಿಯ ಮರಗಳ ಮೇಲೆಲ್ಲ ಬಿಳಿ ಹೂ, ಒಟ್ಟಿಗೇ. ಒಳ್ಳೆ ಪರಿಮಳ. ಸಂಜೆ ಹೊತ್ತಿಗೆ ಬಾಡಲು ಶುರು, ಮರುದಿನ ಏನೂ ಇಲ್ಲ. ಒಂದೇ ದಿನದ ಹೂ ಯಾಕೆ ಅಂತ ಮೂಗು ಮುರಿಯುವವರಿದ್ದಾರೆ. ಎಲ್ಲ ಗಿಡವೂ ಒಂದೇ ದಿನ ಅರಳಿದರೆ ಪರಾಗ ಒಯ್ಯುವ ಜೇನುನೊಣಕ್ಕೆ ಹತ್ತಿರದಲ್ಲೇ ಇನ್ನೊಂದು ಗಿಡದ ಹೂ ಸಿಗುತ್ತದೆ ಅಲ್ವಾ? ಗಿಡಕ್ಕೆ ಅಷ್ಟು ಸಾಕು.

ಮನೆಗೆ ಏನು ತರಬೇಕು ಅಂದರೆ ನಾನು ಕಣ್ಣು ಮುಚ್ಚಿ ಹೇಳುವುದು ಡೆಂಡ್ರೋಬಿಯಂ ಹೈಬ್ರಿಡ್. ಪಿಜನ್ ಆರ್ಕಿಡ್‌ನ ಕುಲವೇ, ಆದರೆ ಹೂ ವಾರಗಟ್ಟಲೆ ನಿಲ್ಲುತ್ತದೆ. ನರ್ಸರಿಯಲ್ಲಿ ಫ್ಯಾಲೆನಾಪ್ಸಿಸ್‌ನ ಪಕ್ಕ ಇದು ಬಡಪಾಯಿ ಥರ ಕಾಣುತ್ತದೆ, ಬೆಲೆಯೂ ಕಮ್ಮಿ. ಎಚ್‌ಡಿಬಿ (ಇಲ್ಲಿನ ಸರ್ಕಾರಿ ವಸತಿ ಮಂಡಳಿ) ಫ್ಲ್ಯಾಟಿನ ಕಾರಿಡಾರ್‌ನಲ್ಲಿ ಅರ್ಧ ದಿನ ಬಿಸಿಲು ಬಿದ್ದರೆ ವರ್ಷಕ್ಕೆ ಹಲವು ಸಲ ಹೂ ಕೊಡುತ್ತದೆ. ಎಲೆ ಉದುರಿ ಬೋಳಾದ ಹಳೇ ದಂಟನ್ನು ಸತ್ತಿದೆ ಅಂತ ಕತ್ತರಿಸಿ ಎಸೆಯಬೇಡಿ. ಅದರಲ್ಲಿ ನೀರು, ಆಹಾರ ಎರಡೂ ಇರುತ್ತವೆ. ಎಷ್ಟೋ ಸಲ ಅದರ ತುದಿಯಿಂದಲೇ ಇನ್ನೊಂದು ಗೊಂಚಲು ಬರುತ್ತದೆ. ದಂಟು ಹಳದಿಯಾಗಿ ಮುದುಡಿದ ಮೇಲೆ ತೆಗೆದರಾಯಿತು.

ಮಣ್ಣು ಮಾತ್ರ ಬೇಡವೇ ಬೇಡ. ಇವು ಮರದ ತೊಗಟೆ ಹಿಡಿದು ಬದುಕುವ ಗಿಡಗಳು, ಬೇರಿಗೆ ಗಾಳಿ ಆಡಬೇಕು. ಇದ್ದಿಲ ತುಂಡು, ಇಟ್ಟಿಗೆ ಚೂರು, ತೂತು ಜಾಸ್ತಿ ಇರುವ ಮಣ್ಣಿನ ಕುಂಡ, ಇಷ್ಟೇ. ನೀರು ಯಾವಾಗ ಹಾಕಬೇಕು ಅಂತ ಬೇರು ತಾನೇ ಹೇಳುತ್ತದೆ. ಒಣಗಿದ ಬೇರು ಬೆಳ್ಳಿ ಥರ ಬೂದು ಬಣ್ಣಕ್ಕಿರುತ್ತದೆ. ನೀರು ಬಿದ್ದ ಕೂಡಲೇ ಮೇಲಿನ ಸ್ಪಂಜಿನಂಥ ಪದರ ಹೀರಿಕೊಂಡು ನೋಡನೋಡುತ್ತಲೇ ಹಸಿರಾಗುತ್ತದೆ. ಹಸಿರಾಯಿತಾ, ನಿಲ್ಲಿಸಿ. ಮತ್ತೆ ಬೂದು ಬಣ್ಣಕ್ಕೆ ಬರುವವರೆಗೆ ಮುಟ್ಟಬೇಡಿ. ನೀರು ಬೆಳಿಗ್ಗೆಯೇ ಹಾಕಿ. ರಾತ್ರಿ ಎಲೆಸುಳಿಯಲ್ಲಿ ನೀರು ನಿಂತರೆ ಇಲ್ಲಿನ ಸೆಕೆಗೆ ಗಿಡ ಬೇಗ ಕೊಳೆಯುತ್ತದೆ. ಗೊಬ್ಬರ ವಾರಕ್ಕೊಮ್ಮೆ ತೆಳ್ಳಗೆ. ಪಕ್ಕದ ಮನೆ ಚೀನೀ ಅಜ್ಜಿ ಅಕ್ಕಿ ತೊಳೆದ ನೀರು ಬಿಟ್ಟು ಬೇರೇನೂ ಹಾಕುವುದಿಲ್ಲ. ಅವರ ಗಿಡಗಳು ನನ್ನವಕ್ಕಿಂತ ಚೆನ್ನಾಗಿವೆ. ನಾನು ವಾದಕ್ಕೆ ಹೋಗಿಲ್ಲ.

ಕುಂಡದ ಕೆಳಗೆ ತಟ್ಟೆ ಇಡಬೇಡಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ, ತಪಾಸಣೆಗೆ ಬಂದವರ ಕಣ್ಣಿಗೆ ಬಿದ್ದರೆ ದಂಡ. ಕಾರಿಡಾರ್‌ನಲ್ಲಿ ಓಡಾಡಲು 1.2 ಮೀಟರ್ ಜಾಗವನ್ನೂ ಬಿಡಬೇಕು. ಆದ್ದರಿಂದ ಕುಂಡಗಳನ್ನು ನೇತುಹಾಕುವುದೇ ಸಲೀಸು.

ಇಲ್ಲಿನ ರಾಷ್ಟ್ರೀಯ ಹೂವನ್ನೇ ಬೆಳೆಸಬೇಕು ಅಂತ ಕೆಲವರ ಹಟ. ವಾಂಡಾ ಮಿಸ್ ಜೋಕಿಮ್. ಸಿಂಗಾಪುರದ ಅರ್ಮೇನಿಯನ್ ಮನೆತನದ ಆಗ್ನೆಸ್ ಜೋಕಿಮ್ ಅವರ ತೋಟದ ಗಿಡ ಅದು. ಆಗಿನ ಬೊಟಾನಿಕ್ ಗಾರ್ಡನ್ಸ್ ಮುಖ್ಯಸ್ಥ ಹೆನ್ರಿ ರಿಡ್ಲಿ 1893ರಲ್ಲಿ ಅದರ ಬಗ್ಗೆ ಬರೆದರು, 1981ರಲ್ಲಿ ರಾಷ್ಟ್ರೀಯ ಹೂವಾಯಿತು. ಚಂದದ ಹೂವೇನೋ ಹೌದು, ಫ್ಲ್ಯಾಟಿಗೆ ಮಾತ್ರ ಆಗದು. ಕಂಬ ಹಿಡಿದು ಆಳೆತ್ತರ ಹತ್ತುತ್ತದೆ, ದಿನವಿಡೀ ನೆತ್ತಿಯ ಬಿಸಿಲು ಕೇಳುತ್ತದೆ. ನೆಲದ ಮನೆ ಇದ್ದವರು ನೋಡಿಕೊಳ್ಳಲಿ. ಉಳಿದವರು ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿ ನೋಡಿ. ಅಲ್ಲೇ ಇರುವ ನ್ಯಾಷನಲ್ ಆರ್ಕಿಡ್ ಗಾರ್ಡನ್‌ನಲ್ಲಿ ಬೆಟ್ಟದ ಆರ್ಕಿಡ್‌ಗಳಿಗೆಂದೇ ತಂಪು ಮಾಡಿದ ಗಾಜಿನ ಮನೆಯಿದೆ. ಅಷ್ಟು ದೊಡ್ಡ ತೋಟದವರಿಗೂ ಚಳಿಯನ್ನು ಯಂತ್ರದಿಂದಲೇ ತರಿಸಬೇಕು.

ಊರಿನವರು ಕೇಳುವುದು ಬೇರೆ. "ಮಲೆನಾಡಿಂದ ಸೀತಾಳೆ ದಂಡೆ ತರ್ಲಾ?" ಮುಂಗಾರಿನ ಹೊತ್ತಿಗೆ ಮರದ ಮೇಲಿಂದ ಜಡೆಯಂತೆ ಇಳಿಬೀಳುವ ಆ ಹೂ ಯಾರಿಗೆ ಬೇಡ? ಆದರೆ ಕಾಡಿನ ಆರ್ಕಿಡ್‌ಗಳೆಲ್ಲ ಸೈಟಿಸ್ ಅನ್ನುವ, ಕಾಡಿನ ಗಿಡ-ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿವೆ. ಪರವಾನಗಿ, ಗಿಡದ ಆರೋಗ್ಯ ಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ತರುವ ಮಾತೇ ಇಲ್ಲ. ಮರದಿಂದ ಕೀಳಲೂಬೇಡಿ.

ಈಗ ಫೋಟೋದ ಗಿಡಕ್ಕೆ ಬರೋಣ. ಉಡುಗೊರೆಗೆ ಬಂದ ಪಿಂಗಾಣಿ ಕುಂಡವನ್ನು ಬಗ್ಗಿ ನೋಡಿ. ಹೆಚ್ಚಾಗಿ ಒಳಗೆ ಮೂರ್ನಾಲ್ಕು ಗಿಡಗಳು, ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಲೋಟದಲ್ಲಿ, ಬೇರಿನ ಸುತ್ತ ಒದ್ದೆ ಪಾಚಿ. ಕುಂಡಕ್ಕೆ ತೂತೇ ಇರುವುದಿಲ್ಲ. ಹೂ ಮುಗಿದ ಮೇಲೆ ಅವನ್ನು ಹೊರಗೆ ತೆಗೆದು, ಪಾಚಿ ಬಿಡಿಸಿ, ಮೆತ್ತಗಾದ ಬೇರು ಕತ್ತರಿಸಿ ಇದ್ದಿಲಿಗೆ ಹಾಕಿ. ರಾತ್ರಿ ಎಸಿ ಹಾಕುವ ಕೋಣೆಯ ಕಿಟಕಿ ಬಳಿ ಇಟ್ಟು ಹೂ ಬರಿಸಿದವರಿದ್ದಾರೆ. ಪ್ರಯತ್ನಿಸಿ, ಆದರೆ ತಣ್ಣನೆಯ ಗಾಳಿ ನೇರ ಎಲೆಗೆ ಬಡಿಯದಿರಲಿ. ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲ, ಫ್ಯಾಲೆನಾಪ್ಸಿಸ್ಸೇ ಬೇಕು, ಎಸಿ ತಂಟೆಯೂ ಬೇಡ ಅನ್ನುವವರು ನರ್ಸರಿಯಲ್ಲಿ ಬೆಲಿನಾ ಅಂತ ಕೇಳಿ. ಬೋರ್ನಿಯೋದ ತಗ್ಗು ಕಾಡಿನ ಜಾತಿ, ನಮ್ಮ ಸೆಕೆಯಲ್ಲೇ ಹೂ ಬಿಡುತ್ತದೆ. ಹೂ ಚಿಕ್ಕದು, ಒಂದು ಸಲಕ್ಕೆ ಒಂದೋ ಎರಡೋ, ಆದರೆ ಘಮ ಇದೆ. ಒಂದು ಹೂ ಉದುರಿದ ಮೇಲೆ ಅದೇ ಕಡ್ಡಿಯ ತುದಿಯಲ್ಲಿ ಇನ್ನೊಂದು ಬರುತ್ತದೆ. ಹಾಗಾಗಿ ಕಡ್ಡಿ ಹಸಿರಾಗಿರುವವರೆಗೂ ಕತ್ತರಿ ದೂರ ಇಡಿ.